ಬಲೆ ಯಾರದು, ಜೇಡ ಯಾವುದು?



ಕಾಫಿಗೆ ಹೂ ಮಳೆ ಎಷ್ಟು ಬಿತ್ತು, ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಮುಗಿಯಿತೇ ಎಂದು ಕುಶಲ ವಿಚಾರಿಸುವ ಊರು ಮೂಡಿಗೆರೆ. ಇಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಜೇಡವೊಂದಕ್ಕಾಗಿ ಇಷ್ಟು ಜನ ಸೇರಿದ್ದೀರಿ. ಈ ಊರಲ್ಲಿ ಹುಳುಹುಪ್ಪಟೆಯ ಮಾತೆತ್ತಿದರೆ ಇಲ್ಲೇ ಬದುಕಿ ಬರೆದ ಸಾಹಿತಿ ತೇಜಸ್ವಿಯವರ ಹೆಸರು ಬರಲೇಬೇಕು. ಆ ಭಾಗ್ಯವನ್ನು ಉಳಿದ ಭಾಷಣಕಾರರಿಗೆ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಥೆರಿಡಿಯಿಡೆ, ಅಂದರೆ ಬಾಚಣಿಗೆಕಾಲಿನ ಜೇಡಗಳದ್ದು 2,500ಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಕುಟುಂಬ. ನಾಲ್ಕನೇ ಜೋಡಿ ಕಾಲಿನ ತುದಿಯಲ್ಲಿ ಗರಗಸದ ಹಲ್ಲಿನಂಥ ಬಿರುಗೂದಲ ಸಾಲಿರುತ್ತದೆ. ಅಂಟುರೇಷ್ಮೆಯನ್ನು ಎಳೆದು ಬೇಟೆಯ ಮೇಲೆ ಎಸೆಯಲು ಅದು ಸಾಧನ. ಕೆಲವು ಕುಲಗಳಲ್ಲಿ ಈ ಸಾಲು ಕ್ಷೀಣಿಸಿ ಹುಡುಕಿದರೂ ಕಾಣುವುದಿಲ್ಲ. ಹಾಗಾಗಿ ಬಾಚಣಿಗೆಯನ್ನೇ ನಂಬಿ ಕುಲ ಹೇಳಲಾಗದು.

ಈ ಕುಟುಂಬಕ್ಕೆ ಸೇರಿದ ನಮ್ಮ ಆರ್ಗೈರೋಡಿಸ್ ಕುಲವನ್ನೇ ನೋಡಿ. ತೋಟದ ಎರಡು ಮರಗಳ ನಡುವೆ ನೆಫಿಲಾ ಪಿಲಿಪೆಸ್ ಎಂಬ ಜೇಡದ ಹೆಣ್ಣು ಹೊಂಬಣ್ಣದ ದೊಡ್ಡ ಬಲೆ ಕಟ್ಟುತ್ತದೆ. ಅದರ ಅಂಚಿನಲ್ಲಿ ಮಿನುಗುವ ಬೆಳ್ಳಿ ಹನಿಗಳೇ ಆರ್ಗೈರೋಡಿಸ್. ಯಜಮಾನಿ ಕಡೆಗಣಿಸಿದ ಸಣ್ಣ ಕೀಟಗಳನ್ನು ಇವು ಕದಿಯುತ್ತವೆ. ಕೆಲವು ಬಲೆಯ ಎಳೆಯನ್ನೂ ತಿನ್ನುತ್ತವೆ. ಬಾಡಿಗೆ ಕೊಡದ ಒಕ್ಕಲು!

ಈ ಕುಲವನ್ನು ಸಿಮೋನ್ ಸ್ಥಾಪಿಸಿದ್ದು 1864ರಲ್ಲಿ. ಇದರ ಸಂಬಂಧಿಗಳಾದ ಎರಡು ಕುಲಗಳಲ್ಲಿ ಥೋರೆಲ್ 1869ರಲ್ಲಿ ಅರಿಯಾಮ್ನೆಸ್ ಕುಲವನ್ನೂ, ಕೋಖ್ 1872ರಲ್ಲಿ ರೋಂಫಿಯಾ ಕುಲವನ್ನೂ ಹೆಸರಿಸಿದರು. 1962ರಲ್ಲಿ ಅಮೆರಿಕದ ಪ್ರಭೇದಗಳನ್ನು ಪರಿಶೀಲಿಸಿದ ಎಕ್ಸ್‌ಲೈನ್ ಮತ್ತು ಲೆವಿ ಮೂರನ್ನೂ ಆರ್ಗೈರೋಡಿಸ್‌ನಲ್ಲೇ ಸೇರಿಸಿಬಿಟ್ಟರು. ಯೋಶಿದಾ 2001ರಲ್ಲಿ ಮತ್ತೆ ಬೇರ್ಪಡಿಸಿದರು. 2004ರಲ್ಲಿ ಆಗ್ನಾರ್ಸನ್ ಅವರ ವಂಶಾವಳಿ ಅಧ್ಯಯನವೂ ಅವುಗಳನ್ನು ಬೇರೆ ಕುಲಗಳೆಂದೇ ಪರಿಗಣಿಸಿತು.

1962ರ ವಿಲೀನವನ್ನು ಅವಿವೇಕವೆಂದು ನಾನು ಹೇಳಲಾರೆ. ಹೊಟ್ಟೆಯ ಆಕಾರವನ್ನು ಮಾತ್ರ ನೋಡಿದರೆ ಗಡಿಗಳು ಕಲಸಿಹೋಗುತ್ತವೆ. ಆರ್ಗೈರೋಡಿಸ್‌ನದು ಬಹುಮಟ್ಟಿಗೆ ಬೆಳ್ಳಿ ಮೆತ್ತಿದ ಶಂಕು, ಅರಿಯಾಮ್ನೆಸ್‌ನದು ಚಾಟಿ. ಆದರೆ ಉದ್ದ ಹೊಟ್ಟೆಯ ರೋಂಫಿಯಾ ನಡುವೆ ಬಂದು ನಿಲ್ಲುತ್ತದೆ. ಹಾಗಾಗಿ ಕುಲ ಗುರುತಿಸಲು ಗಂಡಿನ ತಲೆಯ ಮುಂಭಾಗದ ಉಬ್ಬು, ಸೀಳುಗಳನ್ನು ನೋಡಬೇಕು. ಪ್ರಭೇದ ಹೇಳಲು ಪ್ರೌಢ ಗಂಡಿನ ಸಂಗಮಾಂಗವಾದ ಪಾಲ್ಪ್, ಹೆಣ್ಣಿನ ಜನನಾಂಗವಾದ ಎಪಿಗೈನ್ ಸೂಕ್ಷ್ಮದರ್ಶಕದಡಿ ಬರಲೇಬೇಕು. ಮೊಬೈಲ್ ಚಿತ್ರವೊಂದನ್ನೇ ನೋಡಿ ಪ್ರಭೇದದ ಹೆಸರು ಬರೆಯುವ ಚಾಳಿ ನನಗೆ ಒಪ್ಪಿಗೆಯಿಲ್ಲ.

ಬದುಕುವ ರೀತಿಯೂ ಸುಳಿವು ಕೊಡುತ್ತದೆ. ಅರಿಯಾಮ್ನೆಸ್ ಕೆಲವೇ ಎಳೆಗಳ ಮೇಲೆ ಕಡ್ಡಿಯಂತೆ ಚಾಚಿಕೊಂಡಿರುತ್ತದೆ. ರೋಂಫಿಯಾ ಇತರ ಜೇಡಗಳನ್ನೇ ಬೇಟೆಯಾಡುತ್ತದೆ. ಮದ್ಯಸಾರದ ಸೀಸೆಗಿಳಿದ ಮಾದರಿ ಇದಾವುದನ್ನೂ ಹೇಳುವುದಿಲ್ಲ. ಬಣ್ಣವೂ ಅಲ್ಲಿ ಮಂಕಾಗುತ್ತದೆ.

ಕಾಫಿ ತೋಟದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಅನುಕೂಲವಿದೆ: ಅದೇ ಬಲೆಯನ್ನು ದಿನವೂ ನೋಡಬಹುದು. ಮರಗಸಿಗೆ ಆಳು ಬರುವ ಮುನ್ನವೇ ನೋಡಿ. ಕೊಂಬೆಯೊಂದಿಗೆ ಬಲೆಯೂ ಹೋಗುತ್ತದೆ. ಪ್ರತಿ ಸೀಸೆಯ ಚೀಟಿಯಲ್ಲಿ ಸ್ಥಳ, ದಿನಾಂಕಗಳ ಜೊತೆ ಆಶ್ರಯ ಕೊಟ್ಟ ಬಲೆ ಯಾರದೆಂದೂ ಪೆನ್ಸಿಲ್‌ನಲ್ಲಿ ಬರೆಯಿರಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಮಾದರಿ ಮಂಡಿಸುವವರನ್ನು ನಾನು ಮೊದಲು ಕೇಳುವುದು ಆ ಚೀಟಿಯನ್ನೇ.