ಅಂಗಳದ ಹೂವು, ಕಡಲ ಸ್ಪಂಜು

ಕಳೆದ ವರ್ಷ ಒಂದು ಮಧ್ಯಾಹ್ನ ನೆರೆಮನೆಯ ಅಜ್ಜಿ ಸೆರಗಿನಲ್ಲಿ ಒಂದು ಹಿಡಿ ಎಲೆ ಕಟ್ಟಿಕೊಂಡು ನನ್ನಲ್ಲಿಗೆ ಬಂದರು. ಕಾಶಿಕಣಗಿಲೆಯ ಎಲೆ, ನಿತ್ಯಪುಷ್ಪವೆಂದೂ ಅದನ್ನು ಕರೆಯುವುದುಂಟು. ಅವರ ಆರು ವರ್ಷದ ಮೊಮ್ಮಗನಿಗೆ ರಕ್ತದ ಕ್ಯಾನ್ಸರು. “ಆಸ್ಪತ್ರೆಯ ಮದ್ದು ಈ ಗಿಡದ್ದೇ ಅಂತೆ. ಹಾಗಾದರೆ ಆ ಸೂಜಿ, ಆ ಸಂಕಟ ಯಾಕಪ್ಪಾ? ನಾನೇ ಕಷಾಯ ಕಾಸಿ ಕುಡಿಸಿದರಾಗದೇ?” ಎಂದರು. ನಾನು ಸಸ್ಯಶಾಸ್ತ್ರದ ಪಾಠ ಹೇಳಿದವನು. ಆದರೂ ತಟ್ಟನೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಅಜ್ಜಿಯ ಮೊದಲ ಮಾತು ನಿಜವಾಗಿತ್ತು.

ಈ ಗಿಡದ ತವರು ಮಡಗಾಸ್ಕರ್ ದ್ವೀಪ. ಜಮೈಕದ ಜನ ಇದರ ಎಲೆಯ ಕಷಾಯವನ್ನು ಮಧುಮೇಹಕ್ಕೆಂದು ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಲಕೋಟೆಯೊಂದರಲ್ಲಿ ಬಂದ ಎಲೆಗಳು ಕೆನಡಾದ ವೆಸ್ಟರ್ನ್ ಆಂಟೇರಿಯೊ ವಿಶ್ವವಿದ್ಯಾಲಯದ ರಾಬರ್ಟ್ ನೋಬಲ್ ಅವರ ಕೈಸೇರಿದವು. ಪ್ರಯೋಗದ ಇಲಿಗಳಿಗೆ ಅದರ ಸಾರವನ್ನು ಕುಡಿಸಿದರು; ರಕ್ತದ ಸಕ್ಕರೆ ಇಳಿಯಲಿಲ್ಲ. ಚುಚ್ಚಿ ನೋಡಿದರು, ಇಲಿಗಳು ಸೋಂಕು ತಗಲಿ ಸತ್ತವು. ಅವುಗಳ ಬಿಳಿರಕ್ತಕಣಗಳು ಕುಸಿದಿದ್ದವು, ಮೂಳೆಯ ಮಜ್ಜೆ ಬತ್ತಿತ್ತು. ಬೇರೊಬ್ಬರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಕೈಬಿಡುತ್ತಿದ್ದರೋ ಏನೋ. ಬಿಳಿಕಣಗಳನ್ನು ಅಡಗಿಸುವ ವಸ್ತು, ಬಿಳಿಕಣಗಳೇ ಕಟ್ಟುಮೀರಿ ಬೆಳೆಯುವ ರೋಗಕ್ಕೆ ಮದ್ದಾಗಬಾರದೇಕೆ? ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದರ ಸೋದರನಾದ ವಿನ್‌ಕ್ರಿಸ್ಟಿನ್‌ಗೆ ಅಮೆರಿಕದಲ್ಲಿ 1963ರಲ್ಲಿ ಮನ್ನಣೆ ದೊರೆಯಿತು. ಅಜ್ಜಿಯ ಮೊಮ್ಮಗನಿಗೆ ಕೊಡುತ್ತಿದ್ದುದು ಇದನ್ನೇ.

ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಸೆಳೆಯುವ ಸೂಕ್ಷ್ಮ ಎಳೆಗಳುಂಟು. ಈ ಮದ್ದು ಆ ಎಳೆಗಳನ್ನು ನೇಯಗೊಡದು. ಕೋಶ ನಡುದಾರಿಯಲ್ಲಿ ನಿಂತು ಸಾಯುತ್ತದೆ. ನರಗಳಲ್ಲಿಯೂ ಅಂಥವೇ ಎಳೆಗಳಿರುವುದರಿಂದ ಅಳತೆ ಮೀರಿದರೆ ಕೈಕಾಲು ಜೋಮುಹಿಡಿದು ಸೋಲುತ್ತವೆ.

ಹುಡುಗನ ಚಿಕಿತ್ಸೆಯ ಚೀಟಿಯಲ್ಲಿ ಇನ್ನೊಂದು ಹೆಸರಿತ್ತು: ಸೈಟರಬಿನ್. ಅದರ ಮೂಲ ಕಡಲು. ವರ್ನರ್ ಬರ್ಗ್‌ಮನ್ ಫ್ಲಾರಿಡಾ ಕರಾವಳಿಯ ಒಂದು ಸ್ಪಂಜುಜೀವಿಯಲ್ಲಿ ವಿಚಿತ್ರ ಸಕ್ಕರೆಯುಳ್ಳ ಕೆಲವು ವಸ್ತುಗಳನ್ನು ಕಂಡು 1951ರಲ್ಲಿ ಪ್ರಕಟಿಸಿದರು. ಆ ಮಾದರಿಯನ್ನು ಅನುಸರಿಸಿ ರಸಾಯನಜ್ಞರು ತಯಾರಿಸಿದ ಔಷಧವಿದು. ಕ್ಯಾನ್ಸರಿನ ಕೋಶ ಇದನ್ನು ತನ್ನದೇ ಇಟ್ಟಿಗೆಯೆಂದು ಭ್ರಮಿಸಿ ಕಟ್ಟಡಕ್ಕೆ ಸೇರಿಸಿಕೊಳ್ಳುತ್ತದೆ. ಕಟ್ಟಡ ಅಲ್ಲಿಗೇ ನಿಲ್ಲುತ್ತದೆ. ಸ್ಪಂಜನ್ನು ಯಾರೂ ಹಿಂಡಿ ಕುಡಿಯುವುದಿಲ್ಲವೆಂದು ಹೇಳಿದಾಗ ಅಜ್ಜಿ ನಕ್ಕರು.

ಎಲೆಯ ಮಾತನ್ನು ಆಗ ಬಿಡಿಸಿ ಹೇಳಿದೆ. ಅದರಲ್ಲಿ ನೂರಕ್ಕೂ ಮಿಕ್ಕ ಆಲ್ಕಲಾಯ್ಡುಗಳಿವೆ. ಮಗುವಿಗೆ ಬೇಕಾದುದು ಕ್ವಿಂಟಲುಗಟ್ಟಲೆ ಎಲೆಗೆ ಚಿಟಿಕೆಯಷ್ಟು. ವೈದ್ಯರು ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಏರಿಸುತ್ತಾರೆ; ಕಷಾಯದ ಲೋಟದಲ್ಲಿ ಎಷ್ಟಿದೆಯೆಂದು ಬಲ್ಲವರಾರು? 1960ಕ್ಕೆ ಮುನ್ನ ಈ ರೋಗ ತಗಲಿದ ಮಕ್ಕಳು ಉಳಿಯುತ್ತಿದ್ದುದೇ ಅಪೂರ್ವ. ಈಗ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತಕ್ಯಾನ್ಸರಿಗೆ ಹಲವು ಮದ್ದುಗಳನ್ನು ಕೂಡಿಸಿ ಕೊಡುತ್ತಾರೆ. ಚಿಕಿತ್ಸೆಯ ಅನುಕೂಲ ಚೆನ್ನಾಗಿರುವ ದೇಶಗಳಲ್ಲಿ 100ಕ್ಕೆ ಸುಮಾರು 90 ಮಕ್ಕಳು ಬದುಕುತ್ತಾರೆ. ಆದರೆ ನಡುವೆ ಬಿಡಬಾರದು.

ಆ ವಾರದ ಸೂಜಿಯನ್ನು ಮನೆಯವರು ಆಗಲೇ ತಪ್ಪಿಸಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಅಜ್ಜಿ ಎಲೆಗಳನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಎದ್ದರು. “ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗಪ್ಪಾ?” ಎಂದು ಕೇಳಿದರು.