‘ಬಿಚ್ಚು’ ಎಂಬ ಧಾತು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉತ್ಸವದ ವೇದಿಕೆಯಲ್ಲಿಯೂ ಕ್ರಿಯಾಪದವೇ ಎಂದು ತಾವು ಈ ಕನ್ನಡ ಮಾಸ್ತರನನ್ನು ಕಂಡು ನಗಬಹುದು. ಆದರೆ ‘ಬಿಚ್ಚು’ ಎಂಬ ಎರಡಕ್ಷರದ ಧಾತು ನನಗೇ ಒಂದು ಪಾಠವನ್ನು ಕಲಿಸಿತು. ಅದನ್ನು ತಮ್ಮೊಡನೆ ಹಂಚಿಕೊಳ್ಳುತ್ತೇನೆ.

ಕಟ್ಟಿದುದನ್ನು, ಸುತ್ತಿದುದನ್ನು, ಮಡಿಚಿದುದನ್ನು ತೆರೆಯುವುದೇ ಬಿಚ್ಚುವುದು. ಹೊಲದಿಂದ ಬಂದ ರೈತನು ರುಮಾಲನ್ನು ಬಿಚ್ಚುತ್ತಾನೆ. ಗೃಹಿಣಿ ಬುತ್ತಿಯ ಗಂಟನ್ನು ಬಿಚ್ಚುತ್ತಾಳೆ. ಹಾವು ಹೆಡೆಯನ್ನೂ ಹಕ್ಕಿ ರೆಕ್ಕೆಯನ್ನೂ ಬಿಚ್ಚುತ್ತವೆ. ಒರೆಯಿಂದ ಹೊರಬಂದುದು ಬಿಚ್ಚುಗತ್ತಿ; ಚಿತ್ರದುರ್ಗದ ಭರಮಣ್ಣನಾಯಕನ ಹೆಸರಿಗೆ ಆ ಮಾತೇ ಅಂಟಿಕೊಂಡಿದೆ. ಉದಾರಿಯು ಕೈಬಿಚ್ಚಿ ಕೊಡುತ್ತಾನೆ. ಸ್ನೇಹಿತರು ಮನಬಿಚ್ಚಿ ಮಾತನಾಡುತ್ತಾರೆ.

ಬಿಚ್ಚುವುದು ಬೇರೆ, ಹರಿಯುವುದು ಬೇರೆ. ನಮ್ಮಜ್ಜಿ ಹೇಳುತ್ತಿದ್ದಳು: “ಗಂಟು ಬಿಚ್ಚೋ ತಮ್ಮಾ, ಹರೀಬ್ಯಾಡ, ಹಗ್ಗ ನಾಳಿಗಿ ಬೇಕಾಗ್ತದ.” ಬಿಚ್ಚಿದ ಹಗ್ಗವು ಹಗ್ಗವಾಗಿಯೇ ಉಳಿಯುತ್ತದೆ, ಮತ್ತೆ ಕಟ್ಟಬಹುದು. ನಿಘಂಟಿನ ಯಾವ ವಿವರಣೆಯೂ ನನಗೆ ಇಷ್ಟು ಸ್ಪಷ್ಟವಾಗಿ ಈ ಭೇದವನ್ನು ತಿಳಿಸಿಲ್ಲ.

ಒಮ್ಮೆ ಎಂಟನೆಯ ತರಗತಿಯ ಹುಡುಗನೊಬ್ಬನು ಪ್ರಬಂಧದಲ್ಲಿ ‘ತಾಯಿ ಗಂಟು ವಿಪ್ಪಿದಳು’ ಎಂದು ಬರೆದನು. ನಾನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಎಲ್ಲರಿಗೂ ಕೇಳುವಂತೆ ಓದಿದೆನು. ಮಕ್ಕಳು ನಕ್ಕರು. ಮುಂದೆ ಒಂದು ವಾರ ಆ ಹುಡುಗನು ಕನ್ನಡದ ಅವಧಿಯಲ್ಲಿ ಬಾಯಿಬಿಚ್ಚಲಿಲ್ಲ. ತಪ್ಪು ನನ್ನದೆಂದು ಆಗ ತಿಳಿಯಿತು. ಆಟದ ಬಯಲಿನಲ್ಲಿಯೂ ಸಂತೆಯಲ್ಲಿಯೂ ತೆಲುಗನ್ನು ಕೇಳಿ ಬೆಳೆದ ಮಗು ಅದು. ತೆಲುಗರೂ ಗಂಟನ್ನು ‘ವಿಪ್ಪು’ತ್ತಾರೆ, ಮಾತನಾಡಲು ಬಾಯಿಯನ್ನು ‘ವಿಪ್ಪು’ತ್ತಾರೆ, ಮನಸ್ಸನ್ನೂ ‘ವಿಪ್ಪು’ತ್ತಾರೆ. ಹೂವು ಅರಳುವುದಕ್ಕೆ ಅವರು ಹೇಳುವ ‘ವಿಚ್ಚು’ ಎಂಬುದಂತೂ ನಮ್ಮ ‘ಬಿಚ್ಚು’ವಿನ ಒಡಹುಟ್ಟು. ಅಲ್ಲಿ ಮೊದಲಿಗೆ ಬರುವ ವಕಾರವು ಕನ್ನಡದಲ್ಲಿ ಬಕಾರವಾಗಿ ಕಾಣುತ್ತದೆ.

ಮರುವಾರ ಕರಿಹಲಗೆಯ ಮೇಲೆ ‘ವೆನ್ನ – ಬೆಣ್ಣೆ’, ‘ವೆಂಡಿ – ಬೆಳ್ಳಿ’ ಎಂದು ಬರೆದು, ಇಂಥ ಇನ್ನೊಂದು ಜೋಡಿಯನ್ನು ಹೇಳಿರೆಂದೆನು. ಎಲ್ಲರಿಗಿಂತ ಮೊದಲು ಎದ್ದವನು ಅದೇ ಹುಡುಗ. “ವೇರು – ಬೇರು, ಸರ್” ಎಂದನು. ಎರಡು ಭಾಷೆ ಬಲ್ಲ ಅವನಿಗೆ ಅದು ಬೇಗನೆ ಹೊಳೆದಿತ್ತು.

ಮಹನೀಯರೇ, 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ, ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಅಂದು ಆಡಳಿತದ ಗಂಟು ಬಿಚ್ಚಿತು. ಮಾತಿನ ಹಗ್ಗ ಹರಿಯಲಿಲ್ಲ. ಅದನ್ನು ಹರಿಯಗೊಡದಿರುವುದು ನಮ್ಮ ನಮ್ಮ ಮನೆಗಳ ಕೆಲಸ. ಮಕ್ಕಳ ಕನ್ನಡದಲ್ಲಿ ತೆಲುಗಿನ ಪದವೊಂದು ನುಸುಳಿದರೆ ನಗಬೇಡಿರಿ. ಪಕ್ಕದಲ್ಲಿ ಕನ್ನಡದ ಪದವನ್ನು ಮೆಲ್ಲನೆ ಇಡಿರಿ. ತಪ್ಪಾಡುವ ಮಗುವನ್ನು ತಿದ್ದಬಹುದು. ಬಾಯಿಬಿಚ್ಚದ ಮಗುವಿಗೆ ಏನನ್ನು ಕಲಿಸೋಣ?