ಬ್ರೆಕ್ಸಿಟ್, ಪಾಸ್‌ಪೋರ್ಟ್ ಮತ್ತು ನಮ್ಮ ಸಂಸಾರ

(ಸಂಘದ ಸಂಸ್ಥಾಪನಾ ದಿನಾಚರಣೆಯಂದು ವೆಂಬ್ಲಿಯಲ್ಲಿ ಮಾಡಿದ ಭಾಷಣ)



ವೈದ್ಯರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಹೆದರಿಸುತ್ತಾರೆಂಬ ಅಳುಕು ಸಭೆಗೆ ಸಹಜ. ಅದರಲ್ಲೂ ಹೋಳಿಗೆ ಊಟಕ್ಕೆ ಮುಂಚೆ! ಹೆದರಬೇಡಿ. ಎಂ.ಬಿ.ಬಿ.ಎಸ್. ಓದಿ, ರೆಸಿಡೆನ್ಸಿಯ ರಾತ್ರಿಪಾಳಿಗಳಲ್ಲಿ ಹಣ್ಣಾಗಿ ಈ ದೇಶಕ್ಕೆ ಬಂದ ನಮ್ಮಂಥವರನ್ನು ಈಗ ಸಮಾರಂಭಗಳಲ್ಲಿ ಪಕ್ಕಕ್ಕೆ ಕರೆದು ಕೇಳುವುದು ಬರೀ ಮಂಡಿನೋವಿನ ವಿಷಯವಲ್ಲ. "ಡಾಕ್ಟ್ರೇ, ರಜೆಗೆ ಪ್ಯಾರಿಸ್ಸಿಗೆ ಹೊರಟಿದ್ದೇವೆ. ಇವಳದು ಇಂಡಿಯನ್ ಪಾಸ್‌ಪೋರ್ಟ್, ತೊಂದರೆ ಆಗುತ್ತದೆಯೇ?" ಎಂದೂ ಕೇಳುತ್ತಾರೆ. ನಾವು ವಕೀಲರಲ್ಲ. ಆದರೆ ಅನಿಶ್ಚಯವೂ ಒಂದು ಬೇನೆಯೇ. ಅದರ ಬಗ್ಗೆ ನಾಲ್ಕು ಮಾತು ಆಡಲು ನಮಗೂ ಅಧಿಕಾರವಿದೆ ಎಂದುಕೊಂಡಿದ್ದೇವೆ.

ನಾವಿಂದು ಸೇರಿರುವ ಈ ವೆಂಬ್ಲಿಗೆ ಪಾಸ್‌ಪೋರ್ಟಿನ ಪಾಠ ಹೊಸದಲ್ಲ. ಈಲಿಂಗ್ ರೋಡಿನಲ್ಲಿ ನಮಗೆ ಬೆಂಡೆಕಾಯಿ, ಕರಿಬೇವು ಕೊಡುವ ಗುಜರಾತಿ ಹಿರಿಯರಲ್ಲಿ ಅನೇಕರು ಪೂರ್ವ ಆಫ್ರಿಕದಿಂದ ಬಂದವರು. ಅಲ್ಲಿ ನೆಲೆಸಿದ್ದ ಏಷ್ಯನ್ನರಲ್ಲಿ ಬಹುಮಂದಿಯ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟೇ ಇತ್ತು. ಆದರೂ 1968ರ ಕಾಮನ್‌ವೆಲ್ತ್ ವಲಸೆಗಾರರ ಕಾಯಿದೆಯ ನಂತರ ಅದನ್ನು ತೋರಿಸಿದ ಮಾತ್ರಕ್ಕೆ ಬ್ರಿಟನ್ನಿನ ಬಾಗಿಲು ತೆರೆಯಲಿಲ್ಲ. 1972ರಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯನ್ನರನ್ನು ಉಗಾಂಡದಿಂದ ಹೊರಡಿಸಿದಾಗ ಸುಮಾರು 28,000 ಮಂದಿ ಈ ದೇಶಕ್ಕೆ ಬಂದರು. ಕೈಯಲ್ಲಿರುವ ಪುಸ್ತಕ ಅದೇ ಇದ್ದರೂ ಅದಕ್ಕೆ ಬೆಲೆ ಕಟ್ಟುವ ಕಾನೂನು ರಾತ್ರಿ ಬೆಳಗಾಗುವುದರೊಳಗೆ ಬದಲಾಗಬಹುದು ಎಂಬುದನ್ನು ನಮ್ಮ ನೆರೆಹೊರೆಯವರು ಅನುಭವಿಸಿ ಕಲಿತಿದ್ದಾರೆ.

ನಮ್ಮ ಕಾಲದಲ್ಲಿ ಆ ಪಾಠ ಬ್ರೆಕ್ಸಿಟ್ ಎಂಬ ಹೆಸರಿನಲ್ಲಿ ಬಂತು. 1973ರ ಜನವರಿ 1ರಂದು ಯುರೋಪಿನ ಕೂಟಕ್ಕೆ ಸೇರಿದ್ದ ಬ್ರಿಟನ್ನಿನಲ್ಲಿ, 2016ರ ಜೂನ್ 23ರ ಜನಮತಗಣನೆಯಲ್ಲಿ ಶೇಕಡಾ 51.9 ಮಂದಿ ಹೊರಬರೋಣ ಎಂದರು. ವೆಂಬ್ಲಿಯನ್ನೊಳಗೊಂಡ ಬ್ರೆಂಟ್ ಬರೋದಲ್ಲಿ ಶೇಕಡಾ 60ರಷ್ಟು ಮಂದಿ ಉಳಿಯೋಣ ಎಂದಿದ್ದರು. ಬಿಡುಗಡೆಯ ದಿನ 2019ರ ಮಾರ್ಚ್ 29 ಎಂದು ನಿಗದಿಯಾಯಿತು. ಅದು ಏಪ್ರಿಲ್ 12ಕ್ಕೆ ಹೋಯಿತು, ಆಮೇಲೆ ಅಕ್ಟೋಬರ್ 31ಕ್ಕೆ, ಕೊನೆಗೆ 2020ರ ಜನವರಿ 31ಕ್ಕೆ. ಮದುವೆಗೆ ಮುಹೂರ್ತ ಕೂಡಿಬರದಿರುವುದನ್ನು ಕಂಡಿದ್ದೇವೆ. ವಿಚ್ಛೇದನಕ್ಕೂ ಮುಹೂರ್ತ ಕೂಡಿಬರದಿದ್ದುದನ್ನು ಕಂಡದ್ದು ಅದೇ ಮೊದಲು!

ಆ 2019ರ ವಸಂತದಲ್ಲಿ ಟಿಕೆಟ್ ಕಾದಿರಿಸಿದ್ದವರ ಪಾಡು ನೆನಪಿರಬಹುದು. ಒಪ್ಪಂದವಿಲ್ಲದೆ ಹೊರಬಿದ್ದರೆ ಪಾಸ್‌ಪೋರ್ಟಿನಲ್ಲಿ ಆರು ತಿಂಗಳು ಉಳಿದಿರಬೇಕು, ಕಾರಿನ ವಿಮೆಗೆ ಗ್ರೀನ್ ಕಾರ್ಡ್ ಬೇಕು ಎಂದು ಸರಕಾರವೇ ಎಚ್ಚರಿಸಿತ್ತು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆಂದು ಅಂಚೆ ಕಚೇರಿಯಲ್ಲಿ ಐದೂವರೆ ಪೌಂಡ್ ತೆತ್ತವರು ಈ ಸಭೆಯಲ್ಲೂ ಇರಬಹುದು. ಆ ಭಯಗಳಲ್ಲಿ ಹಲವು ಹುಸಿಯಾದವು. ಆದರೆ ಯಾರೂ ಅಷ್ಟಾಗಿ ಮಾತನಾಡದಿದ್ದ ಒಂದು ಸಂಗತಿ ಮಾತ್ರ ನಿಜವಾಯಿತು. ಅದು ತಟ್ಟಿದ್ದು ನಮ್ಮಂಥ ಸಂಸಾರಗಳನ್ನೇ.

ನಮ್ಮ ಮನೆಗಳಲ್ಲಿ ಗಂಡ ಬ್ರಿಟಿಷ್ ಪ್ರಜೆ, ಹೆಂಡತಿ ಭಾರತದ ಪ್ರಜೆ, ಅಥವಾ ಇದರ ತಿರುಗುಮುರುಗು, ಸಾಮಾನ್ಯ. ಮಕ್ಕಳು ಬ್ರಿಟಿಷರು. ಬ್ರಿಟನ್ ಒಕ್ಕೂಟದಲ್ಲಿದ್ದಾಗ, ಬ್ರಿಟಿಷ್ ಪತಿಯ ಜೊತೆ ಯುರೋಪಿಗೆ ಹೊರಟ ಭಾರತೀಯ ಪತ್ನಿಗೆ 2004ರ ಯುರೋಪಿಯನ್ ನಿಯಮದ ಪ್ರಕಾರ ಷೆಂಗೆನ್ ವೀಸಾ ಶುಲ್ಕವಿಲ್ಲದೆ, ತ್ವರಿತವಾಗಿ ಸಿಗಬೇಕಾಗಿತ್ತು. ವಿಮಾನ ನಿಲ್ದಾಣದಲ್ಲಿ ಇಡೀ ಕುಟುಂಬ ಯುರೋಪಿಯನ್ನರ ಸಾಲಿನಲ್ಲೇ ನಿಲ್ಲಬಹುದಿತ್ತು. ಈ ಸವಲತ್ತು ಅವರಿಗೆ ದಕ್ಕಿದ್ದು ಬ್ರಿಟನ್ನಿನ ದೆಸೆಯಿಂದ. ಸಂಕ್ರಮಣದ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿದಾಗ ಅದೂ ಮುಗಿಯಿತು. ಈಗ ಅದೇ ಗೃಹಿಣಿ ಎಲ್ಲರಂತೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, 90 ಯೂರೋ ಶುಲ್ಕ ಕಟ್ಟಿ, 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ತೋರಿಸಿ, ಸಾಮಾನ್ಯವಾಗಿ 15 ದಿನ ಕಾಯಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ನಮ್ಮ ಗಾದೆ ಲಂಡನ್ನಿಗೂ ಬ್ರಸೆಲ್ಸಿಗೂ ಚೆನ್ನಾಗಿ ಒಪ್ಪುತ್ತದೆ.

ರಜೆಯ ಮಾತಾದರೆ ಸಹಿಸಿಕೊಳ್ಳಬಹುದು. ನಮಗೆ ತಿಳಿದ ಒಂದು ಕುಟುಂಬದಲ್ಲಿ, ಮ್ಯೂನಿಕ್ಕಿನಲ್ಲಿದ್ದ ತಮ್ಮನಿಗೆ ಹೃದಯಾಘಾತವಾದ ಸುದ್ದಿ ರಾತ್ರಿ ಬಂತು. ಬೆಳಗಿನ ವಿಮಾನಕ್ಕೆ ಹೋಗಲು ಸಾಧ್ಯವಾದದ್ದು ಬ್ರಿಟಿಷ್ ಪಾಸ್‌ಪೋರ್ಟಿನ ಭಾವನಿಗೆ. ಒಡಹುಟ್ಟಿದ ಅಕ್ಕ ವೀಸಾ ಇಲ್ಲದೆ ಮನೆಯಲ್ಲೇ ಉಳಿದರು. ತಮ್ಮ ಗುಣಮುಖರಾದರು, ದೇವರ ದಯೆ. ಆದರೆ ಆ ಹತ್ತು ಹನ್ನೆರಡು ದಿನ ಫೋನಿನ ಮುಂದೆ ಕುಳಿತ ಅಕ್ಕನ ಸಂಕಟಕ್ಕೆ ನಮ್ಮ ಔಷಧಿ ಪೆಟ್ಟಿಗೆಯಲ್ಲಿ ಮದ್ದಿರಲಿಲ್ಲ. ಆದ್ದರಿಂದ ಯುರೋಪಿನಲ್ಲಿ ಒಡಹುಟ್ಟಿದವರೋ ಮಕ್ಕಳೋ ಇರುವ ಭಾರತೀಯ ಪಾಸ್‌ಪೋರ್ಟಿನವರಲ್ಲಿ ನಮ್ಮ ವಿನಂತಿ: ಹೋಗುವ ಅಗತ್ಯ ಬೀಳುವ ಮೊದಲೇ, ಹಲವು ಸಲ ಪ್ರವೇಶಿಸಬಹುದಾದ ದೀರ್ಘ ಅವಧಿಯ ವೀಸಾಕ್ಕೆ ಪ್ರಯತ್ನಿಸಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೂ ಅರ್ಜಿ ಹಾಕಬಹುದು. ನಿಮ್ಮ ಇಲ್ಲಿನ ನಿವಾಸದ ಹಕ್ಕು ಈಗ ಇ-ವೀಸಾ ರೂಪದಲ್ಲಿದೆ. ಭಾರತದ ಪಾಸ್‌ಪೋರ್ಟ್ ನವೀಕರಿಸಿದ ಕೂಡಲೇ ಹೊಸ ಸಂಖ್ಯೆಯನ್ನು ಆ ಖಾತೆಗೆ ಸೇರಿಸಿ. ಇಲ್ಲವಾದರೆ ಹಿಂತಿರುಗುವಾಗ ವಿಮಾನ ಹತ್ತಲು ಪರದಾಡಬೇಕಾದೀತು.

ಬ್ರಿಟಿಷ್ ಪಾಸ್‌ಪೋರ್ಟಿನವರೂ ಬೀಗುವಂತಿಲ್ಲ. ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ ಇರಬಹುದು. ಪ್ರವೇಶಿಸುವ ದಿನಕ್ಕೆ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಅವಧಿ ಇರಬೇಕು. 2018ರ ಸೆಪ್ಟೆಂಬರಿಗೆ ಮುಂಚೆ ನವೀಕರಿಸಿದವರಿಗೆ ಹಳೆಯದರ ಉಳಿಕೆ ತಿಂಗಳುಗಳನ್ನು ಸೇರಿಸಿ ಕೊಡುತ್ತಿದ್ದರು. ಯುರೋಪಿನ ಪ್ರವೇಶಕ್ಕೆ ಆ ಹೆಚ್ಚುವರಿ ತಿಂಗಳುಗಳು ಲೆಕ್ಕಕ್ಕಿಲ್ಲ. ಮುಗಿಯುವ ದಿನಾಂಕವನ್ನಷ್ಟೇ ನೋಡದೆ ಕೊಟ್ಟ ದಿನಾಂಕವನ್ನೂ ನೋಡಿ. 2025ರ ಅಕ್ಟೋಬರ್ 12ರಿಂದ ಯುರೋಪಿನ ಹೊಸ ಗಡಿ ದಾಖಲೆ ಪದ್ಧತಿ ಹಂತಹಂತವಾಗಿ ಆರಂಭವಾಗಿದೆ: ಮುಖದ ಚಿತ್ರ, ಹನ್ನೆರಡು ತುಂಬಿದವರಿಗೆ ಬೆರಳಚ್ಚು, ಶುಲ್ಕವಿಲ್ಲ. ಅಂತೂ ಗಂಡ ಹೆಂಡತಿ ಇಬ್ಬರೂ ಈಗ ಒಕ್ಕೂಟದ ಹೊರಗಿನವರು. ಕಾರವಾರದ ಆಚೆಯ ಗೋವೆಯಿಂದ ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದು ಬಂದ ನಮ್ಮ ನೆರೆಯವರು ಮಾತ್ರ ಪಕ್ಕದ ಸಾಲಿನಲ್ಲಿ ಬೇಗ ಹೊರಟುಹೋಗುತ್ತಾರೆ!

ಊರಿನಿಂದ ಬರುವ ತಂದೆತಾಯಿಗಳ ಮಾತು ಬೇರೆ. ಥೇಮ್ಸ್ ದಡದ ಬಸವೇಶ್ವರ ಪ್ರತಿಮೆ ನೋಡಿಸಿ, ಹಾಗೆಯೇ ಸ್ವಿಟ್ಜರ್ಲೆಂಡಿಗೂ ಕರೆದೊಯ್ಯೋಣ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಬ್ರಿಟನ್ ಎಂದೂ ಷೆಂಗೆನ್ ಕೂಟದಲ್ಲಿ ಇರಲಿಲ್ಲವಾದ್ದರಿಂದ ಅವರಿಗೆ ಮೊದಲಿನಿಂದಲೂ ಎರಡು ವೀಸಾ ಬೇಕು. ಷೆಂಗೆನ್ ಅರ್ಜಿಯನ್ನು ವಾಸಸ್ಥಳದ ದೇಶದಲ್ಲೇ ಹಾಕುವುದು ನಿಯಮ. ಅವರು ಭಾರತ ಬಿಡುವ ಮೊದಲೇ ಆ ಕೆಲಸ ಮುಗಿಸಿಕೊಂಡು ಬರಲಿ.

ಇನ್ನು ನಮ್ಮ ಕಸುಬಿನ ಒಂದು ಮಾತು ಆಡದಿದ್ದರೆ ತಪ್ಪಾದೀತು. ಹಳೆಯ ಯುರೋಪಿಯನ್ ಆರೋಗ್ಯ ಕಾರ್ಡಿನ ಜಾಗದಲ್ಲಿ 2021ರಿಂದ ಜಿಎಚ್ಐಸಿ ಎಂಬ ಕಾರ್ಡ್ ಬಂದಿದೆ. ಅದಕ್ಕೆ ಹಣ ಕೊಡಬೇಕಿಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ಅದು ಒಕ್ಕೂಟದ ದೇಶಗಳ ಸರಕಾರಿ ಆಸ್ಪತ್ರೆಯ ಅಗತ್ಯ ಚಿಕಿತ್ಸೆಗೆ ಸಾಕು. ಆದರೆ ರೋಗಿಯನ್ನು ಮನೆಗೆ ಕರೆತರುವ ಖರ್ಚು ಅದರಿಂದ ಹುಟ್ಟುವುದಿಲ್ಲ, ವಿಮೆ ಬೇಕೇ ಬೇಕು. ವಿಮೆಯ ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನೋ ಸ್ಟೆಂಟನ್ನೋ ಮುಚ್ಚಿಡಬೇಡಿ. ಮಾತ್ರೆಗಳು ಕೈಚೀಲದಲ್ಲಿರಲಿ, ಚೀಟಿಯಲ್ಲಿ ಮೂಲ ಔಷಧಿಯ ಹೆಸರಿರಲಿ. ಡೋಲೋ ಎಂದರೆ ಪ್ಯಾರಿಸ್ಸಿನ ಔಷಧಿ ಅಂಗಡಿಯವನಿಗೆ ತಿಳಿಯದು; ಪ್ಯಾರಾಸಿಟಮಾಲ್ ಎಂದರೆ ತಿಳಿಯುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಸೂಕ್ಷ್ಮವಾದ ವಿಚಾರ. ಈ ತಾಪತ್ರಯದಿಂದ ಬೇಸತ್ತು "ಇವಳೂ ಪಾಸ್‌ಪೋರ್ಟ್ ಬದಲಿಸಿಬಿಡಲಿ" ಎನ್ನುವವರಿದ್ದಾರೆ. ಭಾರತದ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಆಮೇಲೆ ದೊರೆಯುವ ಓಸಿಐ ಕಾರ್ಡಿನಿಂದ ಭಾರತಕ್ಕೆ ಹೋಗಿಬರಬಹುದು, ಅಲ್ಲಿ ಮತ ಹಾಕಲಾಗದು. ಹುಟ್ಟಿದ ನೆಲದ ಪ್ರಜೆಯಾಗಿ ಉಳಿಯಬೇಕೆಂಬ ಒಬ್ಬರ ಮನಸ್ಸನ್ನು ಒಂದು ವಾರದ ಪ್ರವಾಸಕ್ಕಾಗಿ ಮುರಿಯಬೇಡಿ. ಮಕ್ಕಳ ಜೊತೆ ಒಂದೇ ಪಾಸ್‌ಪೋರ್ಟಿನಲ್ಲಿ ಇರೋಣ ಎಂದು ಬದಲಿಸಿದವರನ್ನು ಕನ್ನಡತನ ಬಿಟ್ಟರೆಂದು ಹೀಗಳೆಯಲೂ ಬೇಡಿ. ಸರಕಾರಗಳು ಕೂಟ ಸೇರುತ್ತವೆ, ಕೂಟ ಬಿಡುತ್ತವೆ. ಇವತ್ತು ಲಾಭವೆಂದು ತೋರುವ ಪುಸ್ತಕ ನಾಳೆ ಏನಾಗುವುದೆಂದು ವೆಂಬ್ಲಿಯ ಹಿರಿಯರನ್ನು ಕೇಳಿ. ಆದ್ದರಿಂದ ಪೌರತ್ವದ ತೀರ್ಮಾನವನ್ನು ಮನೆಯವರೆಲ್ಲ ಕೂತು, ಇಡೀ ಬಾಳನ್ನು ಮುಂದಿಟ್ಟುಕೊಂಡು ಮಾಡಿ.

ನಮ್ಮ ಸಂಘ ಆರೋಗ್ಯ ತಪಾಸಣಾ ಶಿಬಿರ ನಡೆಸುವಂತೆ ವರ್ಷಕ್ಕೊಮ್ಮೆ ಪಾಸ್‌ಪೋರ್ಟ್ ತಪಾಸಣಾ ಶಿಬಿರವನ್ನೂ ಏರ್ಪಡಿಸಲಿ ಎಂಬುದು ನಮ್ಮ ಸಲಹೆ. ತಿಳಿದವರು ತಿಳಿಯದವರ ದಿನಾಂಕಗಳನ್ನು ನೋಡಲಿ, ಅರ್ಜಿ ತುಂಬಲು ನೆರವಾಗಲಿ. ಬಿ.ಪಿ. ನೋಡಲು ನಾವೂ ಪಕ್ಕದ ಮೇಜಿನಲ್ಲಿ ಕೂರುತ್ತೇವೆ.